ಅಬಿಂಗ್ಡನ್ ಕಾರ್ಖಾನೆಯಿಂದ ನಮ್ಮ ಗ್ಯಾರೇಜಿಗೆ: ಒಂದು ಎಂಜಿಬಿ ಕಾರಿನ ಜೀರ್ಣೋದ್ಧಾರ

(ಬಳಗದ ಯುಗಾದಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಇತಿಹಾಸದ ಮೇಲೆ ಒಂದು ಉಪನ್ಯಾಸ ಕೊಡಬೇಕೆಂದು ಕಾರ್ಯಕಾರಿ ಸಮಿತಿಯವರು ಕೇಳಿಕೊಂಡಾಗ, ನಾನು ಹೊಯ್ಸಳರನ್ನೋ ವಿಜಯನಗರವನ್ನೋ ಕುರಿತು ಮಾತನಾಡುವೆನೆಂದು ಅವರು ಭಾವಿಸಿದ್ದಿರಬೇಕು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ನಾನು ವೃತ್ತಿಯಿಂದ ಎಂಜಿನಿಯರನು. 1973ರಲ್ಲಿ ಬೆಂಗಳೂರಿನಿಂದ ಇಂಗ್ಲೆಂಡಿಗೆ ಬಂದವನು. ನಾನು ಹೇಳಹೊರಟಿರುವುದು ಈ ದೇಶದ ಒಂದು ಕಾರಿನ ಚರಿತ್ರೆಯನ್ನು. 1968ರಲ್ಲಿ ತಯಾರಾದ ಎಂಜಿಬಿ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ನಮ್ಮ ಮನೆಯ ಗ್ಯಾರೇಜಿನಲ್ಲಿ 1991ರಿಂದ 1997ರವರೆಗೆ ನಾನೂ ನನ್ನ ಮಗಳೂ ಬಿಚ್ಚಿ, ಕತ್ತರಿಸಿ, ಬೆಸೆದು, ಮತ್ತೆ ಜೋಡಿಸಿದೆವು. ಈ ಕೆಲಸಕ್ಕೆ ರಿಪೇರಿ ಎಂಬ ಮಾತು ಸಾಲದು. ದೇವಸ್ಥಾನಗಳ ವಿಷಯದಲ್ಲಿ ನಾವು ಬಳಸುವ ಜೀರ್ಣೋದ್ಧಾರವೆಂಬ ಪದವನ್ನೇ ಬಳಸುತ್ತೇನೆ; ನಗುವವರು ನಗಬಹುದು.

ನನ್ನನ್ನು ಆರು ವರ್ಷವೂ ಕಾಡಿದ ಪ್ರಶ್ನೆಯೊಂದಿದೆ. ಇಂದಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಒಂದು ಪ್ಲಾಸ್ಟಿಕ್ ಮುಚ್ಚಳ ಮಾತ್ರ. ಹಾಗಿರುವಾಗ, ಸಾಮಾನ್ಯ ಗೃಹಸ್ಥನೊಬ್ಬನು ಒಂದು ಪೆಟ್ಟಿಗೆ ಸ್ಪ್ಯಾನರು, ಒಂದು ಜಾಕು, ಬಾಡಿಗೆಗೆ ತಂದ ಎಂಜಿನ್ ಎತ್ತುವ ಕ್ರೇನು, ಇಷ್ಟನ್ನೇ ಇಟ್ಟುಕೊಂಡು ಒಂದು ಇಡೀ ಕಾರನ್ನು ಪುನಃ ಕಟ್ಟಬಹುದಾದದ್ದು ಹೇಗೆ? ಉತ್ತರವು ನನ್ನ ಜಾಣತನದಲ್ಲಿಲ್ಲ. ಅದು ಆ ಕಾರು ಹುಟ್ಟಿದ ಕಾರ್ಖಾನೆಯ ಚರಿತ್ರೆಯಲ್ಲಿದೆ.

ಎಂಜಿ ಎಂಬುದು 'ಮಾರಿಸ್ ಗ್ಯಾರೇಜಸ್' ಎಂಬುದರ ಸಂಕ್ಷೇಪ. ಆಕ್ಸ್‌ಫರ್ಡ್ ನಗರದಲ್ಲಿ ವಿಲಿಯಂ ಮಾರಿಸ್‌ಗೆ ಸೇರಿದ್ದ ಕಾರು ಮಾರಾಟದ ಮಳಿಗೆಯದು. 1922ರಲ್ಲಿ ಅದರ ಜನರಲ್ ಮ್ಯಾನೇಜರ್ ಆದ ಸೆಸಿಲ್ ಕಿಂಬರ್, ಮಾರಿಸ್ ಕಂಪೆನಿಯ ಸಾಧಾರಣ ಕಾರುಗಳ ಚಾಸಿಯ ಮೇಲೆ ಹಗುರವಾದ, ಅಂದವಾದ ದೇಹಗಳನ್ನು ಕೂರಿಸಿ ಮಾರಲು ತೊಡಗಿದನು. ಅಂದರೆ ಎಂಜಿ ಹುಟ್ಟಿದ್ದೇ ಬೇರೆಯವರ ಭಾಗಗಳನ್ನು ತಂದು ಜೋಡಿಸುವ ಕಸುಬಾಗಿ. 1929ರಲ್ಲಿ ಸಂಸ್ಥೆಯು ಆಕ್ಸ್‌ಫರ್ಡಿನ ದಕ್ಷಿಣಕ್ಕಿರುವ ಅಬಿಂಗ್ಡನ್ ಎಂಬ ಸಣ್ಣ ಪಟ್ಟಣದ ಹಳೆಯ ಚರ್ಮದ ಕಾರ್ಖಾನೆಯೊಂದಕ್ಕೆ ಸ್ಥಳಾಂತರಗೊಂಡಿತು. ಕೊನೆಯವರೆಗೂ ಅಲ್ಲಿಯೇ ಉಳಿಯಿತು. ಕಿಂಬರ್‌ನನ್ನು ಮಾತ್ರ ಅದು ಉಳಿಸಿಕೊಳ್ಳಲಿಲ್ಲ. 1941ರಲ್ಲಿ ಯುದ್ಧಕಾಲದ ಒಂದು ಗುತ್ತಿಗೆಯ ವಿಷಯದಲ್ಲಿ ಮೇಲಿನವರೊಡನೆ ಮನಸ್ತಾಪವುಂಟಾಗಿ ಅವನು ಹೊರಹೋಗಬೇಕಾಯಿತು. 1945ರ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ನಡೆದ ರೈಲು ಅಪಘಾತದಲ್ಲಿ ತೀರಿಕೊಂಡನು.

ಯುದ್ಧದ ನಂತರ ಬ್ರಿಟನ್ನಿನಲ್ಲಿ ಉಕ್ಕಿಗೆ ಬರ. ವಿದೇಶಕ್ಕೆ ಮಾರಿ ಡಾಲರು ತರುವ ಕಂಪೆನಿಗಳಿಗೆ ಉಕ್ಕಿನ ಹಂಚಿಕೆಯಲ್ಲಿ ಆದ್ಯತೆ. ಯುದ್ಧಪೂರ್ವದ ವಿನ್ಯಾಸವನ್ನೇ ಸ್ವಲ್ಪ ತಿದ್ದಿ ಮಾಡಿದ ಎಂಜಿ ಟಿಸಿ ಎಂಬ ಕಾರು 1945ರಿಂದ 1949ರವರೆಗೆ ಸುಮಾರು 10,000 ತಯಾರಾಯಿತು; ಅದರಿಂದಲೇ ಅಮೆರಿಕನ್ನರಿಗೆ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯಿತು. ಇಲ್ಲಿ ಒಂದು ಸಣ್ಣ ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ಟಿಸಿಯ ಎಂಜಿನ್ ತಯಾರಾಗುತ್ತಿದ್ದ ಕವೆಂಟ್ರಿಯ ಕಾರ್ಖಾನೆಯು ಮೊದಲು ಹಾಚ್ಕಿಸ್ ಎಂಬ ಫ್ರೆಂಚ್ ಸಂಸ್ಥೆಯದಾಗಿತ್ತು. ಯಂತ್ರಗಳೂ ಆ ಕಾಲದವೇ. ಹೀಗಾಗಿ ಬೋಲ್ಟುಗಳ ಮರೆ ಫ್ರೆಂಚರ ಮೆಟ್ರಿಕ್ ಅಳತೆಯದು, ತಲೆ ಮಾತ್ರ ಇಂಗ್ಲಿಷರ ವಿಟ್ವರ್ತ್ ಸ್ಪ್ಯಾನರಿಗೆ ಹೊಂದುವಂಥದು! ಆ ಕಾರನ್ನು ಬಿಚ್ಚಿದ ಪುಣ್ಯವಂತರು ಇದನ್ನು ಮರೆಯಲಾರರು. ನಮ್ಮ ಎಂಜಿಬಿಯಲ್ಲಿ ಈ ಗೋಜಿಲ್ಲ.

1952ರಲ್ಲಿ ಮಾರಿಸ್ ಮತ್ತು ಆಸ್ಟಿನ್ ಸಂಸ್ಥೆಗಳು ಒಂದಾಗಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಆಯಿತು. 1955ರಲ್ಲಿ ಎಂಜಿಎ ಬಂದಿತು. 1962ರ ಸೆಪ್ಟೆಂಬರಿನಲ್ಲಿ ಎಂಜಿಬಿ. ಮುಖ್ಯ ಎಂಜಿನಿಯರ್ ಸಿಡ್ ಎನೆವರ್. ದೇಹದ ರೂಪ ಡಾನ್ ಹೇಟರ್‌ನದು. 1798 ಸಿಸಿ ಎಂಜಿನ್, 95 ಅಶ್ವಶಕ್ತಿ. 1980ರವರೆಗಿನ ಹದಿನೆಂಟು ವರ್ಷಗಳಲ್ಲಿ ಐದು ಲಕ್ಷಕ್ಕೂ ಮಿಕ್ಕಿ ಎಂಜಿಬಿಗಳು ತಯಾರಾದವು. ಅರ್ಧಕ್ಕಿಂತ ಹೆಚ್ಚು ಅಮೆರಿಕಕ್ಕೆ ಹೋದವು.

ಆ ಎಂಜಿನ್ನಿನ ಬಗ್ಗೆ ಒಂದು ಮಾತು. ಮೊದಲ ಬಾರಿಗೆ ಅದರ ಟ್ಯಾಪೆಟ್ ಕವರು ತೆಗೆದು ನೋಡಿದಾಗ, ಇದನ್ನು ಹಿಂದೆಲ್ಲೋ ಕಂಡಿದ್ದೇನೆ ಎನಿಸಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಚಿಕ್ಕಪ್ಪನ ಜೊತೆ ಹೋಗುತ್ತಿದ್ದ ಹುಡುಗನಿಗೆ ಅದು ಗುರುತು ಸಿಕ್ಕದಿರುತ್ತದೆಯೆ? ಅಂಬಾಸಿಡರ್ ಕಾರು ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಶ್ರೇಣಿಯೇ. ಹಿಂದೂಸ್ತಾನ್ ಮೋಟಾರ್ಸಿನವರು ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ಅದನ್ನು 2014ರವರೆಗೂ ತಯಾರಿಸಿದರು. ನಮ್ಮ ಕಾಲದ ಅಂಬಾಸಿಡರಿನಲ್ಲಿದ್ದ 1489 ಸಿಸಿಯ 'ಬಿ' ಶ್ರೇಣಿಯ ಎಂಜಿನ್ ಮತ್ತು ಮೊದಲ ಎಂಜಿಎಯಲ್ಲಿದ್ದ ಎಂಜಿನ್ ಒಂದೇ ಮನೆತನದವು, ಗಾತ್ರವೂ ಒಂದೇ. ಎಂಜಿಬಿಯಲ್ಲಿ ಸಿಲಿಂಡರಿನ ವ್ಯಾಸವನ್ನು 73 ಮಿ.ಮೀ.ನಿಂದ 80.26 ಮಿ.ಮೀ.ಗೆ ಹಿಗ್ಗಿಸಿದರು, ಪಿಸ್ಟನ್ನಿನ ಓಟ ಮೊದಲಿದ್ದಂತೆಯೇ 88.9 ಮಿ.ಮೀ. ಉಳಿಯಿತು. ಮದುವೆಯ ದಿಬ್ಬಣವನ್ನೂ ಮಂತ್ರಿಗಳನ್ನೂ ಹೊತ್ತ ಅಂಬಾಸಿಡರೂ, ಕ್ಯಾಲಿಫೋರ್ನಿಯದ ಕಡಲತೀರದಲ್ಲಿ ಓಡಿದ ಕೆಂಪು ಸ್ಪೋರ್ಟ್ಸ್ ಕಾರೂ ದಾಯಾದಿಗಳೆಂದರೆ ನನ್ನ ಮಗಳು ಬಹಳ ದಿನ ನಂಬಲಿಲ್ಲ.

ಈಗ ಅಬಿಂಗ್ಡನ್ನಿಗೆ ಮರಳೋಣ. ಕಾರ್ಖಾನೆಯೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ತಾನಾಗಿ ಚಲಿಸುವ ಪಟ್ಟಿ, ಅದರ ಮೇಲೆ ಸಾಗುವ ಕಾರುಗಳು. ಅಬಿಂಗ್ಡನ್ನಿನಲ್ಲಿ ಅದಿರಲಿಲ್ಲ. ಒಬ್ಬರ ಕೆಲಸ ಮುಗಿದ ಮೇಲೆ ಕಾರನ್ನು ಮುಂದಿನವರ ಬಳಿಗೆ ಕೈಯಿಂದ ನೂಕುತ್ತಿದ್ದರು. ದೇಹದ ತಗಡುಗಳು ಸ್ವಿಂಡನ್ನಿನಲ್ಲಿ ಅಚ್ಚಿಗೆ ಸಿಕ್ಕಿ ರೂಪುಗೊಂಡು, ಬೇರೆಡೆ ಬೆಸುಗೆಯಾಗಿ, ಬಣ್ಣ ಬಳಿಸಿಕೊಂಡು ಲಾರಿಯಲ್ಲಿ ಬರುತ್ತಿದ್ದವು. ವಿದ್ಯುತ್ ಸಾಮಗ್ರಿ ಲೂಕಾಸ್‌ನಿಂದ, ಮೀಟರುಗಳು ಸ್ಮಿತ್ಸ್‌ನಿಂದ, ಬ್ರೇಕು ಲಾಕ್‌ಹೀಡ್‌ನಿಂದ, ಜೋಡಿ ಕಾರ್ಬುರೇಟರುಗಳು ಎಸ್‌.ಯು. ಸಂಸ್ಥೆಯಿಂದ. ಅಬಿಂಗ್ಡನ್ನಿನ ಕೆಲಸವೆಂದರೆ ಜೋಡಣೆ. ಹೀಗೆ ನೂಕುತ್ತ ನೂಕುತ್ತಲೇ 1972ರ ಒಂದೇ ವರ್ಷದಲ್ಲಿ 39 ಸಾವಿರದಷ್ಟು ಎಂಜಿಬಿಗಳನ್ನು ಹೊರತಂದರು. ಮನುಷ್ಯನೊಬ್ಬನು ಕಾಂಕ್ರೀಟು ನೆಲದ ಮೇಲೆ ನಿಂತು, ಕೈಯಲ್ಲಿ ಸ್ಪ್ಯಾನರು ಹಿಡಿದು ಜೋಡಿಸಬಹುದಾದಂತೆ ಆ ಕಾರನ್ನು ಯೋಚಿಸಿದ್ದರು. ಬೇರೆ ದಾರಿಯೂ ಇರಲಿಲ್ಲ. ಅವರ ಬಡತನವೇ ನಮಗೆ ವರವಾಯಿತು. ಮನೆಯಲ್ಲಿ ಕಾರು ಜೋಡಿಸುವುದು ಇಂಗ್ಲಿಷರಿಗೆ ಹೊಸದೂ ಅಲ್ಲ. ಬಿಡಿಭಾಗಗಳ ಪೆಟ್ಟಿಗೆಯಾಗಿ ಕೊಂಡ ಕಾರಿಗೆ ಖರೀದಿ ತೆರಿಗೆ ಇರಲಿಲ್ಲವಾದ್ದರಿಂದ, 1957ರ ಲೋಟಸ್ ಸೆವೆನ್ ಮೊದಲಾದ ಕಾರುಗಳನ್ನು ಜನ ತಾವೇ ಜೋಡಿಸಿಕೊಳ್ಳುತ್ತಿದ್ದರು. 1973ರಲ್ಲಿ ವ್ಯಾಟ್ ಬಂದು ಆ ಲಾಭ ತಪ್ಪಿತು.

ಆದರೆ ಎಂಜಿಬಿಯಲ್ಲಿ ಒಂದು ಕಷ್ಟವಿದೆ, ಅದೇ ನನ್ನ ಕಥೆಯ ತಿರುಳು. ಎಂಜಿಎಗೆ ಎತ್ತಿನ ಗಾಡಿಯ ಚೌಕಟ್ಟಿನಂತೆ ಪ್ರತ್ಯೇಕವಾದ ಚಾಸಿ ಇತ್ತು. ಎಂಜಿಬಿಗೆ ಅದಿಲ್ಲ, ತಗಡಿನ ದೇಹವೇ ಅದರ ಬೆನ್ನೆಲುಬು. ಮೇಲೆ ಗಟ್ಟಿ ಚಾವಣಿಯಿಲ್ಲದ ತೆರೆದ ಕಾರಾದ್ದರಿಂದ, ಮುಂಭಾಗ ಹಿಂಭಾಗಗಳನ್ನು ಬಾಗದಂತೆ ಹಿಡಿದಿಡುವ ಭಾರವೆಲ್ಲ ಬಾಗಿಲಿನ ಕೆಳಗಿನ ಸಿಲ್‌ಗಳ ಮೇಲೆ ಬೀಳುತ್ತದೆ. ಸಿಲ್ ಎಂದರೆ ಹೊಸ್ತಿಲು. ಹೊರ ತಗಡು, ನಡುವಿನ ತಗಡು, ಒಳ ತಗಡು, ಇವುಗಳ ಅಡಿಯಲ್ಲಿ ಕೋಟೆಯ ತೆನೆಯಂತೆ ಅಂಕುಡೊಂಕಾದ ಒಂದು ಪಟ್ಟಿ, ಇಷ್ಟು ಸೇರಿ ಒಂದು ಹೊಸ್ತಿಲು. ಇಂಗ್ಲೆಂಡಿನ ಮಳೆ, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು, ಎರಡೂ ಸೇರಿ ಅದನ್ನು ಒಳಗಿನಿಂದಲೇ ತಿನ್ನುತ್ತವೆ. ಹೊರಗೆ ಬಣ್ಣ ಥಳಥಳಿಸುತ್ತಿರುತ್ತದೆ.

ನಮ್ಮ ಕಾರು ಹಾಗೆಯೇ ಇತ್ತು. ನಮ್ಮ ಊರಿನವರೊಬ್ಬರ ಶೆಡ್ಡಿನಲ್ಲಿ ಒಂಬತ್ತು ವರ್ಷ ನಿಂತಿದ್ದ ಕೆಂಪು ಕಾರು. ಹೊಸ್ತಿಲನ್ನು ಸ್ಕ್ರೂಡ್ರೈವರಿನಿಂದ ಒತ್ತಿದರೆ ಗಟ್ಟಿಯಾಗಿಯೇ ಇತ್ತು. ಮನೆಗೆ ತಂದು ಕೆರೆದಾಗ ತಿಳಿಯಿತು: ಹಳೆಯ ಹೊಸ್ತಿಲಿನ ಮೇಲೆ ಯಾರೋ ಇನ್ನೊಂದು ತಗಡನ್ನು ಕವಚದಂತೆ ಬೆಸೆದಿದ್ದರು. ಅದರಡಿಯಲ್ಲಿ ಪುಟ್ಟಿ, ಪುಟ್ಟಿಯ ಹಿಂದೆ ಉಂಡೆಗಟ್ಟಿದ ವೃತ್ತಪತ್ರಿಕೆ. ನನ್ನ ಶ್ರೀಮತಿಯವರು ಬಂದು ನೋಡಿ, "ಪೇಪರ್ ಆದ್ರೂ ಓದೋ ಹಾಗಿದೆಯಾ?" ಎಂದರು. ಓದುವ ಹಾಗಿರಲಿಲ್ಲ.

ವೆಲ್ಡಿಂಗ್ ಕಲಿಯಲು ಒಂದು ಚಳಿಗಾಲ ಸಂಜೆಯ ತರಗತಿಗೆ ಹೋದೆ. ಕಲಿತೆನೆಂಬ ಧೈರ್ಯದಲ್ಲಿ, ಅನುಕೂಲವಾಗಲೆಂದು ಬಾಗಿಲುಗಳನ್ನು ಕಳಚಿ, ಕಾರಿನ ಮುಂದಿನ ಮತ್ತು ಹಿಂದಿನ ತುದಿಗಳಿಗೆ ಮಾತ್ರ ಆಧಾರ ಕೊಟ್ಟು, ಎಡಗಡೆಯ ಹೊಸ್ತಿಲನ್ನು ಪೂರ್ತಿ ಕತ್ತರಿಸಿ ತೆಗೆದೆ. ಹೊಸದನ್ನು ಬೆಸೆದೆ. ಬೆಸುಗೆ ಅಂದವಾಗಿಯೇ ಬಂದಿತ್ತು. ಬಾಗಿಲು ಕೂರಿಸಹೋದರೆ ಮುಚ್ಚಲಿಲ್ಲ! ಬಾಗಿಲಿನ ಕಂಡಿ ಮೇಲ್ಭಾಗದಲ್ಲಿ ಕಿರಿದಾಗಿತ್ತು. ಹೊಸ್ತಿಲು ಇಲ್ಲದ ಹೊತ್ತಿನಲ್ಲಿ ನಡುಭಾಗ ತನ್ನ ಭಾರಕ್ಕೆ ತಾನೇ ಜಗ್ಗಿದೆ. ಜಗ್ಗಿದ ಭಂಗಿಯಲ್ಲಿಯೇ ನಾನು ಅದನ್ನು ಶಾಶ್ವತವಾಗಿ ಬೆಸೆದಿದ್ದೇನೆ. ಎಂಜಿನಿಯರಿಂಗ್ ಪದವಿ ಪಡೆದವನು, ಎರಡು ತುದಿಗೆ ಆಧಾರವಿರುವ ತೊಲೆ ನಡುವೆ ಬಾಗುತ್ತದೆಂಬುದನ್ನು ಪರೀಕ್ಷೆಗಳಲ್ಲಿ ಎಷ್ಟೋ ಸಲ ಬರೆದವನು! ಎರಡು ತಿಂಗಳು ಗ್ಯಾರೇಜಿನ ಬಾಗಿಲನ್ನೇ ತೆರೆಯಲಿಲ್ಲ.

ಆಗ ನನ್ನ ಮುಂದೆ ಒಂದು ಸುಲಭೋಪಾಯವಿತ್ತು. ಅದನ್ನು ತಿಳಿಯಲು ಮತ್ತೆ ಇತಿಹಾಸಕ್ಕೆ ಹೋಗಬೇಕು. 1979ರ ಸೆಪ್ಟೆಂಬರಿನಲ್ಲಿ ಅಬಿಂಗ್ಡನ್ನಿನವರು ತಮ್ಮ ಕಾರ್ಖಾನೆಯ ಐವತ್ತನೆಯ ವರ್ಷವನ್ನು ಮೆರವಣಿಗೆಯೊಡನೆ ಆಚರಿಸಿದರು. ಅದರ ಬೆನ್ನಿಗೇ, ಸೆಪ್ಟೆಂಬರ್ 10ರಂದು, ಒಡೆತನದ ಬ್ರಿಟಿಷ್ ಲೇಲ್ಯಾಂಡ್ ಸಂಸ್ಥೆಯು ಅಲ್ಲಿ ಎಂಜಿ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ನಷ್ಟ, ಪೌಂಡಿನ ಏರಿದ ಬೆಲೆ, ಅಮೆರಿಕದ ಹೊಸ ನಿಯಮಗಳು, ಕಾರಣಗಳು ಹಲವು. ಆ ನಿಯಮಗಳಿಗಾಗಿಯೇ 1974ರ ಕೊನೆಯಲ್ಲಿ ಹೊಳೆಯುವ ಬಂಪರುಗಳ ಬದಲು ಕಪ್ಪು ರಬ್ಬರಿನವು ಬಂದು, ಕಾರಿನ ಎತ್ತರವೂ ಹೆಚ್ಚಿತ್ತು. ಆದರೆ ಹದಿನೆಂಟು ವರ್ಷ ಒಂದು ವಿನ್ಯಾಸವನ್ನು ಹೊಸದು ಮಾಡದೆ ದುಡಿಸಿಕೊಂಡು, ಕಡೆಗೆ ಹಳತಾಯಿತೆಂದು ಮುಚ್ಚುವುದು ನನಗೆ ಇಂದಿಗೂ ನ್ಯಾಯವೆನಿಸುವುದಿಲ್ಲ. 1980ರ ಅಕ್ಟೋಬರಿನಲ್ಲಿ ಕೊನೆಯ ಎಂಜಿಬಿ ಹೊರಬಂದಿತು.

ಕಾರ್ಖಾನೆ ಮುಚ್ಚಿತು, ತಗಡನ್ನು ಒತ್ತಿ ರೂಪ ಕೊಡುವ, ಡೈ ಎಂದು ಕರೆಯುವ ಭಾರೀ ಉಕ್ಕಿನ ಅಚ್ಚುಗಳು ಅಲ್ಲಲ್ಲಿ ಉಳಿದಿದ್ದವು. ಸಾಮಾನ್ಯವಾಗಿ ಇವು ಗುಜರಿಗೆ ಹೋಗುತ್ತವೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆಯ ಡೇವಿಡ್ ಬಿಷಪ್ ಎಂಬುವರು ಅವುಗಳಲ್ಲಿ ಬಹುಪಾಲನ್ನು ಹುಡುಕಿ ತೆಗೆಸಿ, ಫ್ಯಾರಿಂಗ್ಡನ್ ಎಂಬ ಊರಿನಲ್ಲಿ 1988ರಿಂದ ಎಂಜಿಬಿಯ ಹೊಚ್ಚಹೊಸ ದೇಹಗಳನ್ನು ಮಾಡಿಸಲು ತೊಡಗಿದರು. ನಿಂತುಹೋದ ಕಾರೊಂದರ ಸಂಪೂರ್ಣ ದೇಹವನ್ನು ಮೂಲ ಅಚ್ಚುಗಳಿಂದಲೇ ಮತ್ತೆ ತಯಾರಿಸಿದ್ದು ದೊಡ್ಡ ಸಾಹಸ. 1992ರಲ್ಲಿ ರೋವರ್ ಸಂಸ್ಥೆಯು ಇದೇ ದೇಹವನ್ನು ತಿದ್ದಿ ಆರ್‌ವಿ8 ಎಂಬ ಎಂಜಿ ಕಾರನ್ನು ಹೊರತಂದಿತು. ಸುಮಾರು ಎರಡು ಸಾವಿರ ತಯಾರಾಗಿ ಬಹುಪಾಲು ಜಪಾನಿಗೆ ಹೋದವು. ಹಣ ಕೊಟ್ಟರೆ ನನಗೂ ಒಂದು ಹೊಸ ದೇಹ ಸಿಗುತ್ತಿತ್ತು. ನಮ್ಮ ಹಳೆಯ ಎಂಜಿನ್ನನ್ನೂ ಚಕ್ರಗಳನ್ನೂ ಅದಕ್ಕೆ ಕೂರಿಸಿದರೆ ಆರು ತಿಂಗಳಲ್ಲಿ ಕೆಲಸ ಮುಗಿಯುತ್ತಿತ್ತು. ಬ್ಯಾಂಕಿನಲ್ಲಿ ಹಣವೂ ಇತ್ತು.

ಹಾಗೆ ಮಾಡಿದರೆ ಅದು ಅದೇ ಕಾರೆ? ರಥದ ಚಕ್ರ, ಅಚ್ಚು, ನೊಗಗಳನ್ನು ಒಂದೊಂದಾಗಿ ತೋರಿಸಿ, ಇವುಗಳಲ್ಲಿ ರಥವೆಂಬುದು ಯಾವುದೆಂದು ನಾಗಸೇನನು ಮಿಲಿಂದ ರಾಜನನ್ನು ಕೇಳಿದ ಪ್ರಸಂಗ ನಿಮಗೆ ನೆನಪಿರಬಹುದು. ಈ ದೇಶದ ವಾಹನ ನೋಂದಣಿಯವರು ಅದಕ್ಕೆ ಅಂಕಗಳಲ್ಲಿ ಉತ್ತರ ಕೊಟ್ಟಿದ್ದರು! ತೀರಾ ಬದಲಾದ ಕಾರು ಹಳೆಯ ನಂಬರನ್ನು ಉಳಿಸಿಕೊಳ್ಳಲು 8 ಅಂಕ ಬೇಕಿತ್ತು. ದೇಹಕ್ಕೆ 5, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್ ಇವಕ್ಕೆ ತಲಾ 2, ಎಂಜಿನ್ನಿಗೆ ಬರೀ 1. ದೇಹವು ಹಳೆಯದೇ ಆಗಬೇಕೆಂದಿರಲಿಲ್ಲ. ಅದೇ ಮಾದರಿಯ ಹೊಸದಾದರೂ 5 ಅಂಕ ಸಿಗುತ್ತಿತ್ತು. 2025ರ ಆಗಸ್ಟಿನಲ್ಲಿ ನಿಯಮಗಳು ಇನ್ನೂ ಸಡಿಲಗೊಂಡು, ಮೂಲದಂತೆಯೇ ದುರಸ್ತಿಗೊಂಡ ಹಳೆಯ ವಾಹನವು ತನ್ನ ಗುರುತನ್ನು ಉಳಿಸಿಕೊಳ್ಳುವುದು ಸುಲಭವಾಗಿದೆ. ಕಾನೂನಿನ ಪ್ರಕಾರ ನನಗೆ ಯಾವ ಅಡ್ಡಿಯೂ ಇರಲಿಲ್ಲ.

ಅಡ್ಡಿ ಮಾಡಿದವಳು ಮಗಳು. ಅವಳಿಗಾಗ ಹದಿಮೂರು. ಸೀಟಿನ ಪಕ್ಕದ ಒಳಹೊದಿಕೆಯನ್ನು ಕಿತ್ತಾಗ, ಅದರ ಹಿಂದಿನ ತಗಡಿನ ಮೇಲೆ ಹಳದಿ ಮೇಣದ ಬಳಪದಲ್ಲಿ ಬರೆದ ಎರಡು ಅಂಕಿಗಳೂ ಒಂದು ಓರೆ ಗೆರೆಯೂ ಕಂಡಿದ್ದವು. 1968ರಲ್ಲಿ ಯಾರೋ ಕೆಲಸಗಾರನು ತನ್ನ ಲೆಕ್ಕಕ್ಕೆ ಗೀಚಿದ್ದು. ಹೊಸ ದೇಹ ತರಿಸೋಣವೆಂದು ನಾನು ಹೇಳಿದಾಗ ಅವಳು, "ಅಪ್ಪ, ಇದನ್ನ ಬರೆದೋರು ಹೊಸದ್ರಲ್ಲಿ ಇರಲ್ವಲ್ಲ" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಹೊಸ ದೇಹ ತರಿಸಿದವರನ್ನು ನಾನು ತಪ್ಪೆನ್ನಲಾರೆ. ಅನೇಕ ಕಾರುಗಳು ಅದರಿಂದಲೇ ಬದುಕಿವೆ. ನಮ್ಮ ಕಾರಿಗೆ ಮಾತ್ರ, ಅದೇ ಅಚ್ಚುಗಳ ಕೃಪೆಯಿಂದ ಸಿಕ್ಕುತ್ತಿದ್ದ ಬಿಡಿ ತಗಡುಗಳನ್ನಷ್ಟೇ ತರಿಸಿದೆವು.

ನಾನೇ ಬೆಸೆದ ಹೊಸ್ತಿಲನ್ನು ನಾನೇ ಕತ್ತರಿಸಿದೆ. ಈ ಬಾರಿ ನಮ್ಮ ಬೀದಿಯಲ್ಲಿದ್ದ ನಿವೃತ್ತ ವೆಲ್ಡರೊಬ್ಬರು ಬಂದು ನಿಂತರು. ಬಾಗಿಲಿನ ಕಂಡಿಗೆ ಅಡ್ಡಲಾಗಿ ಕಬ್ಬಿಣದ ಸರಳು ಬಿಗಿದು, ನಡುಭಾಗವನ್ನು ಜಾಕಿನಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎತ್ತಿಸಿದರು. ಬಾಗಿಲನ್ನು ಕೂರಿಸಿ, ಸುತ್ತಲ ಸಂದು ಸಮನಾದ ಮೇಲೆಯೇ ಬೆಸುಗೆ. ಅದೂ ಒಂದೇ ಕಡೆ ಉದ್ದಕ್ಕೆ ಎಳೆಯುವಂತಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ತಗಡು ಆರುವವರೆಗೆ ಕಾಯುವುದು. ಎಡಗಡೆಗೆ ಮೂರು ತಿಂಗಳು. ಬಲಗಡೆಗೆ ಐದು ವಾರ.

ಅಲ್ಲಿಂದ ಮುಂದಿನ ಜೋಡಣೆಯನ್ನು ವಿವರಿಸಿ ನಿಮ್ಮ ಊಟದ ಹೊತ್ತನ್ನು ಕದಿಯಲಾರೆ. ಬಿಚ್ಚುವಾಗ ನಟ್ಟು ಬೋಲ್ಟುಗಳನ್ನೆಲ್ಲ ಖಾಲಿ ಉಪ್ಪಿನಕಾಯಿ ಬಾಟಲುಗಳಲ್ಲಿ ತುಂಬಿ ಚೀಟಿ ಅಂಟಿಸಿದ್ದೆವು. ಚೀಟಿಗಳನ್ನು ಮಗಳು ಕನ್ನಡದಲ್ಲಿ ಬರೆದಳು, ಅವಳ ಕನ್ನಡ ಬರವಣಿಗೆ ಸುಧಾರಿಸಿದ್ದು ಹಾಗೆ. ಎಂಜಿನ್ನು ಗೇರ್‌ಬಾಕ್ಸುಗಳನ್ನು ಒಟ್ಟಿಗೆ ಇಳಿಸಬೇಕು. ಈ ಕಾರಿನಲ್ಲಿ ಕ್ಲಚ್ಚು ಬದಲಾಯಿಸಬೇಕಾದರೆ ಎಂಜಿನ್ನನ್ನೇ ಹೊರತೆಗೆಯಬೇಕು, ಆದ್ದರಿಂದ ಕ್ಲಚ್ಚಿನ ಭಾಗಗಳನ್ನೆಲ್ಲ ಹೊಸದಾಗಿ ಹಾಕಿಯೇ ಇಳಿಸಿದೆವು. ಸೀಟುಗಳ ಹಿಂದೆ, ನೆಲದಡಿಯಲ್ಲಿ, ಆರು ವೋಲ್ಟಿನ ಎರಡು ಬ್ಯಾಟರಿಗಳು. ಅಲ್ಲಿಟ್ಟವನು ಯಾರೋ, ಅವನೊಮ್ಮೆಯಾದರೂ ಅವುಗಳಿಗೆ ನೀರು ಹಾಕಿದ್ದರೆ ಹಾಗೆ ಇಡುತ್ತಿರಲಿಲ್ಲ. ಟ್ಯಾಪೆಟ್ ಸಂದು ಅಂಗುಲದ ಸಾವಿರದಲ್ಲಿ 15 ಭಾಗ. 1996ರ ಆಯುಧಪೂಜೆಗೆ ಎಂಜಿನ್ ಇನ್ನೂ ಸ್ಟ್ಯಾಂಡಿನ ಮೇಲೆಯೇ ಇತ್ತು. ಅದಕ್ಕೇ ಕುಂಕುಮ ಇಟ್ಟೆವು. ಮರುವರ್ಷ ಮೇ ತಿಂಗಳ ಒಂದು ಸಂಜೆ ಸೆಲ್ಫ್ ಒತ್ತಿದಾಗ ನಾಲ್ಕನೆಯ ಸಲಕ್ಕೆ ಹತ್ತಿಕೊಂಡಿತು. ಆ ಸದ್ದು ಕೇಳಿ ನನ್ನ ಶ್ರೀಮತಿಯವರು ಅಡುಗೆಮನೆಯಿಂದ ಬಂದು, "ಥೇಟ್ ಚಿಕ್ಕಪ್ಪನವರ ಕಾರು" ಎಂದರು.

ಕಾರು ಈಗಲೂ ಇದೆ. ಸೀಸವಿದ್ದ ಪೆಟ್ರೋಲು 2000ದಲ್ಲಿ ನಿಂತಿತು, ಸಿಲಿಂಡರ್ ಹೆಡ್ಡಿಗೆ ಗಟ್ಟಿ ವಾಲ್ವ್ ಸೀಟುಗಳನ್ನು ಹಾಕಿಸಿದೆ. 2021ರಲ್ಲಿ ಶೇಕಡಾ ಹತ್ತರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಂದಿತು, ರಬ್ಬರು ಕೊಳವೆಗಳನ್ನು ಬದಲಾಯಿಸಿದೆ. 40 ವರ್ಷ ಮೀರಿದ ವಾಹನಗಳಿಗೆ 2018ರ ಮೇ ತಿಂಗಳಿನಿಂದ ವಾರ್ಷಿಕ ಪರೀಕ್ಷೆ ಕಡ್ಡಾಯವಲ್ಲ, ನಾನು ಮಾಡಿಸುತ್ತೇನೆ. ನನ್ನ ಬೆಸುಗೆಯನ್ನು ಇನ್ನೊಬ್ಬರು ಪ್ರತಿವರ್ಷ ನೋಡುವುದು ಒಳ್ಳೆಯದು. ಹಳದಿ ಬಳಪದ ಅಂಕಿಗಳನ್ನು ಒರೆಸಲಿಲ್ಲ. ಅಷ್ಟಗಲದ ಹಳೆಯ ಬಣ್ಣವನ್ನು ಹಾಗೆಯೇ ಬಿಟ್ಟು, ಸುತ್ತಲೂ ಹೊಸ ಬಣ್ಣ ಬಳಿದು, ಮೇಲೆ ಹೊಸ ಒಳಹೊದಿಕೆ ಹಾಕಿದ್ದೇವೆ. ಹೊರಗಿನವರಿಗೆ ಕಾಣುವುದಿಲ್ಲ.

ರಸ್ತೆಗಿಳಿದ ಮೊದಲ ಬೇಸಗೆಯಲ್ಲಿ ಮಗಳೊಡನೆ ಅಬಿಂಗ್ಡನ್ನಿಗೆ ಹೋಗಿದ್ದೆ. ಕಾರ್ಖಾನೆಯಿದ್ದ ನೆಲದಲ್ಲಿ ಬೇರೆ ಕಟ್ಟಡಗಳೆದ್ದಿದ್ದವು. ಪಕ್ಕದ ಸಿಮೆಟ್ರಿ ರೋಡಿನಲ್ಲಿ ಎಂಜಿ ಕಾರ್ ಕ್ಲಬ್ಬಿನ ಕಚೇರಿಯಿದೆ, ಅದಕ್ಕೆ ಕಿಂಬರ್‌ನ ಹೆಸರಿಟ್ಟಿದ್ದಾರೆ. ಆ ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ ಫ್ಲಾಸ್ಕಿನ ಕಾಫಿ ಕುಡಿದೆವು. ಹೊರಡುವಾಗ ನೋಡಿದರೆ ಕಾರು ನಿಂತಿದ್ದ ಜಾಗದಲ್ಲಿ ನಾಲ್ಕೈದು ಹನಿ ಎಂಜಿನ್ ಆಯಿಲ್ ಬಿದ್ದಿತ್ತು. ಹಿಂದಿನ ಸೀಲಿನಿಂದ ಅದು ಇಂದಿಗೂ ತೊಟ್ಟಿಕ್ಕುತ್ತದೆ.